ಮೂರನೇ ಮಹಡಿಯ ಕಿಟಕಿಗೊಂದು ದೀಪ

ಉಮಿಯೋ, ಸ್ವೀಡನ್
ನವೆಂಬರ್ ಕೊನೆಯ ವಾರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಒಂದು ಮಾತು ತಲೆಯಿಂದ ಹೋಗುತ್ತಿಲ್ಲ. "ಆಫೀಸಿಂದ ಬಂದು ಜಾಕೆಟ್ ಕೂಡ ಬಿಚ್ಚದೆ ಮಂಚದ ಮೇಲೆ ಕೂತೆ ಕಣೋ. ಆಮೇಲೆ ಗಡಿಯಾರ ನೋಡಿದರೆ ಒಂದೂವರೆ ಗಂಟೆ ಕಳೆದಿತ್ತು." ಅಷ್ಟು ಹೇಳಿ ನೀನು ನಕ್ಕೆ. ನಾನೂ ನಕ್ಕೆ. ಫೋನ್ ಇಟ್ಟ ಮೇಲೆ, ಇಬ್ಬರೂ ಸುಳ್ಳು ನಗು ನಕ್ಕೆವು ಅನ್ನಿಸಿತು.

ಆ ಜಾಕೆಟ್ ನನಗೆ ಗೊತ್ತು ಮಾರಾಯ. ಆರು ವರ್ಷದ ಹಿಂದೆ ನಾನೂ ಅದನ್ನೇ ಹಾಕಿಕೊಂಡು ಕೂತಿದ್ದೆ. ಅದಕ್ಕೇ ಈ ಪತ್ರ. ವಾಟ್ಸಾಪಿನಲ್ಲಿ ಬರೆದರೆ ನೀನು ಒಂದು ಹೆಬ್ಬೆರಳು ಕಳಿಸಿ ಮುಗಿಸುತ್ತೀಯ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ಫಿನ್ಲೆಂಡಿನಲ್ಲಿರುವ ನಿನ್ನ ಔಲು ನನ್ನ ಉಮಿಯೋಗಿಂತ ಒಂದು ಡಿಗ್ರಿಯಷ್ಟು ಉತ್ತರಕ್ಕಿದೆ. ನಡುವೆ ಬೋತ್ನಿಯಾ ಕೊಲ್ಲಿ, ಅಷ್ಟೇ. ಈಗ ನಿನ್ನಲ್ಲಿ ಮಧ್ಯಾಹ್ನ 2.30 ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಡಿಸೆಂಬರ್ 21ರ ಹೊತ್ತಿಗೆ ಹುಟ್ಟುವುದು 10.30ಕ್ಕೆ, ಮುಳುಗುವುದು 2 ಗಂಟೆಗೆ. ಹಗಲು ಅಂದರೆ ಮೂರೂವರೆ ಗಂಟೆ. ಅಷ್ಟು ಹೊತ್ತಾದರೂ ಸೂರ್ಯ ಮೇಲೆ ಬರುತ್ತಾನಾ ಅಂದರೆ ಅದೂ ಇಲ್ಲ. ನಡುಹಗಲಲ್ಲಿ ದಿಗಂತದಿಂದ ಒಂದೂವರೆ ಡಿಗ್ರಿ. ಕೈ ಮುಂದೆ ಚಾಚಿ ಒಂದು ಬೆರಳು ಅಡ್ಡ ಹಿಡಿ, ಸುಮಾರು ಅಷ್ಟೇ ಎತ್ತರ. ಎದುರಿಗೆ ಎರಡು ಮಹಡಿಯ ಕಟ್ಟಡ ಇದ್ದರೆ ಕತೆ ಮುಗಿಯಿತು.

ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆ 20 ನಿಮಿಷ ಇರುತ್ತದೆ. ಅತಿ ದೊಡ್ಡ ಹಗಲಿಗೂ ಅದಕ್ಕೂ ಒಂದೂವರೆ ಗಂಟೆಯ ವ್ಯತ್ಯಾಸ. ನಮ್ಮ ಮೈ ಬೆಳೆದದ್ದು ಆ ಲೆಕ್ಕದಲ್ಲಿ. ನೀನು ಆಗಸ್ಟಿನಲ್ಲಿ ಬಂದು ಇಳಿದಾಗ ರಾತ್ರಿ ಹತ್ತಕ್ಕೂ ಬೆಳಕಿತ್ತು, ನೆನಪಿದೆಯಾ? "ನಿದ್ದೆಯೇ ಬರ್ತಿಲ್ಲ" ಅಂತ ಫೋನ್ ಮಾಡಿದ್ದೆ. ಮೂರು ತಿಂಗಳಲ್ಲಿ ಎಲ್ಲ ತಲೆಕೆಳಗು. ಮೈಗೆ ಏನು ನಡೆಯುತ್ತಿದೆ ಅಂತ ತಿಳಿಯದಿದ್ದರೆ ಅದರ ತಪ್ಪೇನಿದೆ?

"ನಾನು ಸೋಮಾರಿ ಆಗಿಬಿಟ್ಟೆ" ಅಂತಲೂ ಹೇಳಿದೆಯಲ್ಲ. ಅದಕ್ಕೆ ಒಂದು ಕತೆ ಇದೆ. ನಾರ್ಮನ್ ರೋಸೆಂತಾಲ್ ಅಂತ ಒಬ್ಬ ವೈದ್ಯ, ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ನವರು. ಬಿಸಿಲಿನ ಊರು. ಅಲ್ಲಿಂದ ನ್ಯೂಯಾರ್ಕಿಗೆ ಬಂದರು. ಚಳಿಗಾಲ ಬಂದಾಗಲೆಲ್ಲ ಮೈ ಭಾರ, ಕೆಲಸ ಸಾಗುವುದಿಲ್ಲ, ವಸಂತ ಬಂದರೆ ಮತ್ತೆ ಸರಿ. ಇದು ತಮ್ಮೊಬ್ಬರ ಸೋಮಾರಿತನ ಅಂತ ಬಿಡಲಿಲ್ಲ ಪುಣ್ಯಾತ್ಮ. ಜೊತೆಯವರೊಂದಿಗೆ ಹುಡುಕುತ್ತಾ ಹೋಗಿ, 1984ರಲ್ಲಿ ಚಳಿಗಾಲದ ಈ ಖಿನ್ನತೆಗೆ 'ಸೀಸನಲ್ ಅಫೆಕ್ಟಿವ್ ಡಿಸಾರ್ಡರ್' ಅಂತ ಹೆಸರು ಕೊಟ್ಟು ಪ್ರಕಟಿಸಿದರು. ಹೆಸರಿನ ಮೂರು ಮೊದಲಕ್ಷರ ಸೇರಿಸಿದರೆ 'ಸ್ಯಾಡ್' ಅಂತ ಆಗುತ್ತದೆ. ಬೇಕಂತಲೇ ಮಾಡಿದ್ದೋ ಏನೋ. ನನಗೆ ಇದರಲ್ಲಿ ಇಷ್ಟವಾದದ್ದು ಒಂದೇ: ಅದನ್ನು ಕಂಡುಹಿಡಿದವನೂ ನಮ್ಮ ಹಾಗೆ ಬಿಸಿಲಿನಿಂದ ಕತ್ತಲೆಗೆ ಬಂದವನು.

ನನ್ನ ಮೊದಲ ಚಳಿಗಾಲ ಹೇಗಿತ್ತು ಅಂತ ನಿನಗೆ ಯಾವತ್ತೂ ಹೇಳಿಲ್ಲ. ಫೇಸ್‌ಬುಕ್ಕಿನಲ್ಲಿ ಹಿಮದ ಫೋಟೋ ಹಾಕಿದ್ದೆ. ನೀನು "ಸ್ವರ್ಗ ಕಣೋ" ಅಂತ ಬರೆದಿದ್ದೆ. ಆ ಫೋಟೋ ತೆಗೆದ ದಿನ ನಾನು ಮಧ್ಯಾಹ್ನ ಊಟ ಮಾಡಿರಲಿಲ್ಲ. ಸಂಜೆ 5ಕ್ಕೆ ಮಲಗಿ, ರಾತ್ರಿ 1ಕ್ಕೆ ಎದ್ದು, ಬ್ರೆಡ್ಡಿಗೆ ಉಪ್ಪಿನಕಾಯಿ ಸವರಿ ತಿಂದಿದ್ದೆ. ಅಮ್ಮ ಫೋನ್ ಮಾಡಿದರೆ ಮೀಟಿಂಗ್ ಅಂತ ಸುಳ್ಳು ಹೇಳುತ್ತಿದ್ದೆ. ಮನೆಯಲ್ಲಿದ್ದ ಎಲ್ಲ ಲೈಟೂ ಹಾಕಿ, ಪರದೆ ಎಳೆದು ಕೂರುತ್ತಿದ್ದೆ. ಊರಿನ ಟ್ಯೂಬ್‌ಲೈಟಿನ ಥರ ಇರಲಿ ಅಂತ ಹುಡುಕಿ ಬೆಳ್ಳನೆಯ ಬಲ್ಬು ತಂದಿದ್ದೆ. ಆ ಬೆಳಕಿನಲ್ಲಿ ನನ್ನ ಕೋಣೆ ರಾತ್ರಿ ಎರಡು ಗಂಟೆಯ ಬಸ್ ಸ್ಟ್ಯಾಂಡಿನ ಹಾಗೆ ಕಾಣುತ್ತಿತ್ತು. ಸಾಮಾನು ಕಟ್ಟಿಕೊಂಡು ಬಸ್ಸಿಗೆ ಕಾಯುವವನು ನಾನು. ಬಸ್ಸು ಯಾವುದು ಅಂದರೆ, ಮಾರ್ಚ್ ತಿಂಗಳು.

ನೀನೂ ಮಾರ್ಚಿಗೆ ದಿನ ಎಣಿಸುತ್ತಿದ್ದೇನೆ ಅಂದೆ. ಅದನ್ನು ಕೇಳಿಯೇ ನನಗೆ ಗಾಬರಿಯಾದದ್ದು.

ಆ ವರ್ಷ ಅಕ್ಟೋಬರ್ ಕೊನೆಗೆ ಅಜ್ಜಿ ಹೋದಳು. ನನಗೆ ಊರಿಗೆ ಹೋಗಲಾಗಲಿಲ್ಲ. ಇಲ್ಲಿರುವ ಪರವಾನಗಿ ನವೀಕರಣಕ್ಕೆ ಕೊಟ್ಟಿದ್ದೆ, ಕಾಗದ ಇನ್ನೂ ಬಂದಿರಲಿಲ್ಲ. ಹೊರಗೆ ಹೋದರೆ ಒಳಗೆ ಬರುವುದು ಕಷ್ಟ ಅಂದರು. ಅಜ್ಜಿಯನ್ನು ಅಂಗಳದಿಂದ ಎತ್ತಿದ್ದನ್ನು ಫೋನಿನ ಪರದೆಯಲ್ಲಿ ನೋಡಿದೆ. ನಡುವೆ ನೆಟ್‌ವರ್ಕ್ ಹೋಯಿತು. ಮತ್ತೆ ಬಂದಾಗ ಅಂಗಳ ಖಾಲಿ.

ಅದಾದ ವಾರದೊಳಗೆ ಒಂದು ಶನಿವಾರ ಸಂಜೆ ಸೈಕಲ್ಲಿನಲ್ಲಿ ಬರುತ್ತಿದ್ದೆ. ಚರ್ಚಿನ ಹತ್ತಿರದ ಸ್ಮಶಾನದ ಬೇಲಿ ಪಕ್ಕದಲ್ಲೇ ದಾರಿ. ಒಳಗೆ ನೂರಾರು ದೀಪ. ಗೋರಿಗೆ ಒಂದು, ಎರಡು, ಕೆಲವಕ್ಕೆ ನಾಲ್ಕು. ಮಕ್ಕಳು, ಮುದುಕರು, ಕೈಗಾಡಿಯಲ್ಲಿ ಕೂಸು ಮಲಗಿಸಿಕೊಂಡವರು ನಿಧಾನವಾಗಿ ಓಡಾಡುತ್ತಿದ್ದರು. ಯಾರೂ ಅಳುತ್ತಿರಲಿಲ್ಲ. ಜೋರಾಗಿ ಮಾತೂ ಆಡುತ್ತಿರಲಿಲ್ಲ. ಆಮೇಲೆ ತಿಳಿಯಿತು, ಅದು ಸ್ವೀಡನ್ನಿನ 'ಎಲ್ಲ ಸಂತರ ದಿನ'. ಅಕ್ಟೋಬರ್ 31ರಿಂದ ನವೆಂಬರ್ 6ರ ನಡುವೆ ಬರುವ ಶನಿವಾರ. ಅವತ್ತು ತೀರಿಹೋದವರಿಗೆ ದೀಪ ಇಡುತ್ತಾರೆ. ನಿನ್ನ ಫಿನ್ಲೆಂಡಿನಲ್ಲಿ ಕ್ರಿಸ್ಮಸ್ ಹಿಂದಿನ ಸಂಜೆಯೂ ಇಡುತ್ತಾರೆ, ಹೋಗಿ ನೋಡು. ನಮ್ಮಲ್ಲಿ ಸ್ಮಶಾನದ ಕಡೆ ಕತ್ತಲಾದ ಮೇಲೆ ಮುಖ ಹಾಕುವುದಿಲ್ಲ. ನಾನೂ ಸೈಕಲ್ ನಿಲ್ಲಿಸಿ ಮೊದಲು ಹೊರಗೇ ನಿಂತಿದ್ದೆ, ಆಮೇಲೆ ಒಳಗೆ ಹೋದೆ.

ಅಲ್ಲಿ ಮಿನ್ನೆಸ್‌ಲುಂಡ್ ಅಂತ ಒಂದು ಜಾಗ ಇರುತ್ತದೆ. ನೆನಪಿನ ತೋಪು ಅನ್ನಬಹುದು. ಅಲ್ಲಿ ಗೋರಿಯೂ ಇಲ್ಲ, ಕಲ್ಲಿನ ಮೇಲೆ ಹೆಸರೂ ಇಲ್ಲ. ತಮ್ಮವರ ಬೂದಿಯನ್ನು ಎಲ್ಲಿಟ್ಟರು ಅನ್ನುವುದು ಮನೆಯವರಿಗೂ ತಿಳಿಯುವುದಿಲ್ಲ. ದೀಪಕ್ಕೆ ಮಾತ್ರ ಒಂದೇ ಕಡೆ ಜಾಗ. ನಾನು ಅಲ್ಲಿ ಸುಮ್ನೆ ನಿಂತಿದ್ದನ್ನು ನೋಡಿ, ವಯಸ್ಸಾದ ಹೆಂಗಸೊಬ್ಬರು ಚೀಲದಿಂದ ಒಂದು ಮೇಣದ ದೀಪ ತೆಗೆದು ಕೊಟ್ಟರು. ಬೆಂಕಿಪೊಟ್ಟಣವನ್ನೂ ಕೊಟ್ಟರು. ಯಾರಿಗೆ ಅಂತ ಕೇಳಲಿಲ್ಲ. ಕೈಗವಸು ಬಿಚ್ಚಿ ಹಚ್ಚಲು ಹೋದರೆ ಮೂರು ಕಡ್ಡಿ ಆರಿಹೋದವು. ನಾಲ್ಕನೆಯದಕ್ಕೆ ಅವರೇ ಎರಡೂ ಕೈ ಅಡ್ಡ ಹಿಡಿದರು.

ಅಂಗಡಿಯಲ್ಲಿ ಆ ದೀಪದ ಮೇಲೆ ಎಷ್ಟು ಗಂಟೆ ಉರಿಯುತ್ತದೆ ಅಂತ ಬರೆದಿರುತ್ತದೆ. 50, 60, ಹೀಗೆ. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಬೇಲಿಯ ಆಚೆ ನೋಡಿದೆ. ಇನ್ನೂ ಉರಿಯುತ್ತಿತ್ತು. ಅಥವಾ ಪಕ್ಕದ್ದು ಉರಿಯುತ್ತಿತ್ತು, ನನ್ನದು ಯಾವುದು ಅಂತ ಗುರುತು ಸಿಗಲಿಲ್ಲ. ಅಜ್ಜಿಯಾಗಿದ್ದರೆ "ಯಾವುದಾದರೇನು, ಎಣ್ಣೆ ಇತ್ತಲ್ಲ" ಅನ್ನುತ್ತಿದ್ದಳು.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ. ಪರದೆ ಎಳೆದ ಬಸ್ ಸ್ಟ್ಯಾಂಡ್ ಹಾಗೇ ಇತ್ತು. ಡಿಸೆಂಬರ್ ಮೊದಲ ವಾರ ಮೆಟ್ಟಿಲ ಮೇಲೆ ಪಕ್ಕದ ಮನೆಯಾಕೆ ಸಿಕ್ಕಿದರು. ನಿವೃತ್ತ ಮೇಡಂ, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದವರು. "ಊರಿಗೆ ಹೋಗಿದ್ದಿರಾ? ನಿಮ್ಮ ಕಿಟಕಿ ಕತ್ತಲೆ ಇತ್ತು" ಅಂದರು. ಇಲ್ಲೇ ಇದ್ದೆ ಅಂದೆ. ಅವರಿಗೆ ಅದು ತಮಾಷೆ ಅನ್ನಿಸಲಿಲ್ಲ. ಒಳಗೆ ಹೋಗಿ ಮರದ ಒಂದು ದೀಪದ ಸ್ಟ್ಯಾಂಡ್ ತಂದರು. ಗುಡ್ಡದ ಆಕಾರ, ಮೇಲೆ ಏಳು ಪುಟ್ಟ ಬಲ್ಬು. ಇಲ್ಲಿ ಡಿಸೆಂಬರಿನಲ್ಲಿ ಹೆಚ್ಚುಕಡಿಮೆ ಪ್ರತಿ ಮನೆಯ ಕಿಟಕಿಯಲ್ಲೂ ಇದು ಇರುತ್ತದೆ. ಗೋಥೆನ್‌ಬರ್ಗ್‌ನಲ್ಲಿ ಫಿಲಿಪ್ಸ್ ಕಂಪನಿಯಲ್ಲಿ ಕೆಲಸಕ್ಕಿದ್ದ ಆಸ್ಕರ್ ಆಂಡರ್ಸನ್ ಅನ್ನುವವರು 1930ರ ದಶಕದಲ್ಲಿ, ಕೆಟ್ಟು ವಾಪಸ್ ಬಂದ ಕ್ರಿಸ್ಮಸ್ ದೀಪದ ಸರಗಳನ್ನು ಸುಮ್ನೆ ಎಸೆಯಲಾರದೆ ಇದನ್ನು ಮಾಡಿದರಂತೆ. ಅದು ನನಗೆ ಬಹಳ ಹಿಡಿಸಿತು. ನಮ್ಮ ಮನೆಯಲ್ಲೂ ಯಾವುದನ್ನೂ ಎಸೆಯುತ್ತಿರಲಿಲ್ಲ.

ನಾನು ಅದನ್ನು ಟೇಬಲ್ ಮೇಲೆ, ನನ್ನ ಕಡೆ ತಿರುಗಿಸಿ ಇಟ್ಟುಕೊಂಡೆ. ಮರುದಿನ ಬಾಗಿಲಿಗೆ ಬಂದ ಮೇಡಂ ಅದನ್ನು ನೋಡಿ ತಲೆ ಅಲ್ಲಾಡಿಸಿದರು. ನೇರ ಒಳಗೆ ಬಂದು, ಪರದೆ ಸರಿಸಿ, ದೀಪವನ್ನು ಕಿಟಕಿಯ ದಂಡೆಯ ಮೇಲೆ ಇಟ್ಟರು. "ಅಲ್ಲಿಟ್ಟರೆ ರಸ್ತೆಯಲ್ಲಿ ಹೋಗುವವರಿಗೆ ಹೇಗೆ ಕಾಣಬೇಕು?" ಅಂದರು. ಹೋಗುವಾಗ ನನ್ನ ಬೆಳ್ಳನೆಯ ಬಲ್ಬಿನ ಕಡೆ ನೋಡಿ, "ಇದೇನು, ಹಲ್ಲಿನ ಆಸ್ಪತ್ರೆಯೇ?" ಅಂತಲೂ ಕೇಳಿದರು.

ಅವತ್ತು ರಾತ್ರಿ ಕಸ ಹಾಕಲು ಕೆಳಗೆ ಇಳಿದೆ. ತಲೆ ಎತ್ತಿ ನೋಡಿದರೆ ನಮ್ಮ ಕಟ್ಟಡದಲ್ಲಿ ಸಾಲಾಗಿ ಏಳೇಳು ದೀಪ. ಅದರಲ್ಲಿ ಒಂದು ನನ್ನದು. ಆ ಚಳಿಯಲ್ಲಿ, ಮೈನಸ್ 14ರಲ್ಲಿ, ಕಸದ ಚೀಲ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ. ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ.

ಅಜ್ಜಿ ಸಂಜೆ ಹೊತ್ತು ಕಂತುವ ಮೊದಲೇ ಬಾಗಿಲಲ್ಲಿ ದೀಪ ಇಡುತ್ತಿದ್ದಳಲ್ಲ, ಒಳಗೆ ಇನ್ನೂ ಕತ್ತಲೆ ಇದ್ದರೂ ಮೊದಲ ದೀಪ ಹೊರಗೇ. ಜಗಲಿಯ ಕಂಬಕ್ಕೆ ಲಾಟೀನು. "ತೋಟದ ಕಡೆಯಿಂದ ಬರುವವರಿಗೆ ಕಾಣಲಿ" ಅನ್ನುತ್ತಿದ್ದಳು. ಯಾರೂ ಬರುವವರು ಇಲ್ಲದಿದ್ದರೂ ಇಡುತ್ತಿದ್ದಳು. ಕಾರ್ತಿಕದಲ್ಲಿ ತುಳಸಿ ಕಟ್ಟೆಗೆ, ದೀಪಾವಳಿಗೆ ಎತ್ತರದಲ್ಲಿ ಆಕಾಶಬುಟ್ಟಿ. ಈಗ ಇಲ್ಲಿ ಕಿಟಕಿಗಳಲ್ಲಿ ಕಾಗದದ ನಕ್ಷತ್ರ ತೂಗುಹಾಕುತ್ತಾರೆ, ಒಳಗೊಂದು ಬಲ್ಬು. ದೂರದಿಂದ ನೋಡಿದರೆ ಥೇಟ್ ಆಕಾಶಬುಟ್ಟಿ. ನಾನು ನನ್ನದನ್ನು ದೀಪಾವಳಿಗೇ ಹಾಕಿಬಿಡುತ್ತೇನೆ. "ನಿಮ್ಮದು ಯಾವಾಗಲೂ ಒಂದು ತಿಂಗಳು ಮುಂಚೆ" ಅಂತ ಮೇಡಂ ನಗುತ್ತಾರೆ.

ನೋಡು, ನಮ್ಮಿಬ್ಬರಿಗೂ ಕತ್ತಲೆ ಹೊಸದಲ್ಲ. ಅದನ್ನು ನಾವು ಮರೆತಿದ್ದೇವೆ. ಹತ್ತು ವರ್ಷ ಬೆಂಗಳೂರಿನಲ್ಲಿದ್ದು ಬೆಂಗಳೂರಿನವರೇ ಆಗಿಬಿಟ್ಟೆವು. ಆಗುಂಬೆಯ ಆಚೆ ಈಚೆ ಹುಟ್ಟಿದವರು ನಾವು. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಸೀಮೆ. ಆರಿದ್ರಾ ಮಳೆ ಹಿಡಿಯಿತು ಅಂದರೆ ಸೂರ್ಯನ ಮುಖ ನೋಡಲು ಎಷ್ಟು ದಿನ ಬೇಕಿತ್ತು? ಕರೆಂಟ್ ಹೋದರೆ ವಾರ. ಮಧ್ಯಾಹ್ನ ಮೂರಕ್ಕೆ ಅಡುಗೆ ಮನೆಯಲ್ಲಿ ದೀಪ ಬೇಕು. ಕಂಬಳಿಕೊಪ್ಪೆ ಹಾಕಿಕೊಂಡು ಶಾಲೆಗೆ ಹೋಗಿ, ಕಾಲಿಗೆ ಹತ್ತಿದ ಉಂಬಳ ಕೀಳುತ್ತಾ ಕೂರುತ್ತಿದ್ದೆವು. ಯೂನಿಫಾರ್ಮ್ ಒಣಗುತ್ತಿದ್ದದ್ದು ಒಲೆ ಮೇಲಿನ ಅಟ್ಟದಲ್ಲಿ. ಇಡೀ ಕ್ಲಾಸು ಹೊಗೆ ವಾಸನೆ. ಹಾಸ್ಟೆಲಿಗೆ ಬಂದ ಮೊದಲ ದಿನ ನಿನ್ನ ಟ್ರಂಕು ತೆಗೆದಾಗ ಅದೇ ವಾಸನೆ ಬಂತು, ಆಗಲೇ ನನಗೆ ನೀನು ಇಷ್ಟವಾದದ್ದು. ಇದನ್ನು ಹೇಳಲು ಇಪ್ಪತ್ತು ವರ್ಷ ಬೇಕಾಯಿತು, ಇರಲಿ.

ಆ ಮೂರು ತಿಂಗಳು ಅಜ್ಜಿ ಮಳೆ ಯಾವಾಗ ನಿಲ್ಲುತ್ತದೋ ಅಂತ ಕಾದದ್ದು ನಾನು ನೋಡಿಲ್ಲ. ಬೈದದ್ದು ನೋಡಿದ್ದೇನೆ, ಅದು ಬೇರೆ. ಅವಳಿಗೆ ಮಳೆಗಾಲ ಅಂದರೆ ಏಪ್ರಿಲಿನಿಂದಲೇ ಶುರು. ಸೌದೆ ಕೊಟ್ಟಿಗೆ ತುಂಬಬೇಕು, ದರಗು ಗುಡಿಸಿ ತರಬೇಕು, ಹಲಸಿನ ಹಪ್ಪಳ ಒಣಗಬೇಕು, ಮಾವಿನ ಮಿಡಿ ಭರಣಿಗೆ ಬೀಳಬೇಕು, ಬಾಳಕದ ಮೆಣಸು, ಮುರುಗಲು ಸಿಪ್ಪೆ. ಬಿಸಿಲಿದ್ದಾಗ ಬಿಸಿಲನ್ನು ಡಬ್ಬಿಗೆ ತುಂಬಿಡುತ್ತಿದ್ದಳು ಅನ್ನು. ಮಳೆ ಬಂದ ಮೇಲೆ ಒಂದೊಂದೇ ಡಬ್ಬಿ ತೆಗೆಯುವುದು. ಹಗ್ಗ ಹೊಸೆಯುವುದು, ಚಾಪೆ ಹೆಣೆಯುವುದು, ಕತೆ ಹೇಳುವುದು, ಹಸೆ ಹಾಡು ಹೇಳಿಕೊಡುವುದು ಎಲ್ಲ ಮಳೆಗಾಲಕ್ಕೇ ಮೀಸಲು. ಬಚ್ಚಲ ಒಲೆಯ ಬೆಂಕಿ ಆರುತ್ತಲೇ ಇರಲಿಲ್ಲ. ಕೆಂಡದಲ್ಲಿ ಹಲಸಿನ ಬೇಳೆ ಸುಟ್ಟು, ಬಿಸಿ ತಡೆಯಲಾರದೆ ಒಂದು ಕೈಯಿಂದ ಇನ್ನೊಂದು ಕೈಗೆ ಹಾರಿಸುತ್ತಾ ತಿನ್ನುತ್ತಿದ್ದೆವು. ಬಿಸಿಲಿಗೆ ಅದು ರುಚಿಸುವುದೇ ಇಲ್ಲ, ಬೇಕಾದರೆ ತಿಂದು ನೋಡು.

ನಾನು ಇಲ್ಲಿಗೆ ಬರುವಾಗ ಜಾಕೆಟ್ ತಂದೆ, ಬೂಟು ತಂದೆ, ಥರ್ಮಲ್ ಬನಿಯನ್ ತಂದೆ. ಚಳಿಗೆ ಬೇಕಾದ್ದೆಲ್ಲ ತಂದೆ. ಕತ್ತಲೆಗೆ ಏನೂ ತರಲಿಲ್ಲ.

ಈಗ ತರುತ್ತೇನೆ. ಅಜ್ಜಿಯ ಹಸೆ ಹಾಡುಗಳನ್ನು ಅಕ್ಕ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದಳು, ನಲವತ್ತು ಚಿಲ್ಲರೆ. ನವೆಂಬರ್ ಒಂದರಿಂದ ಫೆಬ್ರವರಿ ಕೊನೆಯವರೆಗೆ ವಾರಕ್ಕೆ ಎರಡು ಹಾಡು ಕೇಳಿ ಬರೆಯುತ್ತೇನೆ. ಬೇಸಿಗೆಯಲ್ಲಿ ಮುಟ್ಟುವುದಿಲ್ಲ. ಹಲ್ಲಿಲ್ಲದ ಬಾಯಿಯ ಮಾತು, ಹಿಂದೆ ಕುಕ್ಕರ್ ಸೀಟಿ, ಒಂದೊಂದು ಸಾಲಿಗೆ ಅರ್ಧ ಗಂಟೆ ಹಿಡಿಯುತ್ತದೆ. ಕತ್ತಲೆ ಉದ್ದ ಇರುವುದೇ ಒಳ್ಳೆಯದಾಯಿತು ಅನ್ನಿಸುವ ರಾತ್ರಿಗಳೂ ಇವೆ. ನೀನೂ ಏನಾದರೂ ಎತ್ತಿಡು. ಆ ಅರ್ಧ ಕಲಿತು ಬಿಟ್ಟ ಕೊಳಲು ಎಲ್ಲಿದೆ?

ನಿನ್ನ ಊರಿನಲ್ಲಿ ಬಚ್ಚಲ ಒಲೆಯೂ ಇದೆ, ಗೊತ್ತಾ? ಸೌನಾ, ಬಿಸಿ ಹಬೆಯ ಕೋಣೆ. ಸುಮಾರು 56 ಲಕ್ಷ ಜನರ ದೇಶದಲ್ಲಿ ಸುಮಾರು 30 ಲಕ್ಷ ಸೌನಾ. 2020ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ನಿನ್ನ ಅಪಾರ್ಟ್‌ಮೆಂಟಿನ ಕೆಳಗೆ ಇದ್ದೇ ಇರುತ್ತದೆ, ವಾರಕ್ಕೊಂದು ಸರದಿ ನಿನ್ನ ಹೆಸರಿಗೆ ಬರೆಸಿಕೋ. ಕಾದ ಕಲ್ಲಿನ ಮೇಲೆ ನೀರು ಹಾಕಿದಾಗ ಏಳುವ ಹಬೆಗೆ ಅವರು ಲೋಯ್ಲು ಅನ್ನುತ್ತಾರೆ. ಅದು ಮುಖಕ್ಕೆ ಹೊಡೆದಾಗ ನನಗೆ ಹಂಡೆಯ ಮುಚ್ಚಳ ತೆಗೆದ ಹಾಗಾಯಿತು. ಶನಿವಾರ ಎಣ್ಣೆ ಹಚ್ಚಿಕೊಂಡು ಅಜ್ಜಿ ಕೈಯಲ್ಲಿ ಮೀಯುತ್ತಿದ್ದೆವಲ್ಲ, ಇವರಿಗೂ ಸೌನಾಕ್ಕೆ ಶನಿವಾರವೇ! ಬಟ್ಟೆ ಬಿಚ್ಚುವ ವಿಷಯಕ್ಕೆ ನಾಚಿಕೊಳ್ಳಬೇಡ. ಮೊದಲ ಸಲ ನಾನು ಬನಿಯನ್ ಹಾಕಿಕೊಂಡು ಒಳಗೆ ಹೋಗಿದ್ದೆ. ಯಾರೂ ಏನೂ ಅನ್ನಲಿಲ್ಲ. ಆ ಮೌನವೇ ಸಾಕಾಗಿತ್ತು.

ಬೇಕರಿಗೆ ಹೋದರೆ ಪುಲ್ಲಾ ಅಂತ ಕೇಳು. ಬನ್ನಿನ ಥರ, ಒಳಗೆ ಏಲಕ್ಕಿ. ಕಣ್ಣು ಮುಚ್ಚಿ ಮೂಸಿ ನೋಡಿದರೆ ಹಬ್ಬದ ದಿನದ ಅಡುಗೆ ಮನೆ. ಜೊತೆಗೆ ಕಾಫಿ ಕುಡಿಯುತ್ತಾರೆ, ಲೋಟಗಟ್ಟಲೆ. ಜಗತ್ತಿನಲ್ಲೇ ಅತಿ ಹೆಚ್ಚು ಕಾಫಿ ಕುಡಿಯುವವರ ಸಾಲಿನಲ್ಲಿ ಅವರಿದ್ದಾರೆ. ಕೊಪ್ಪದವನಾದ ನಿನಗೆ ಅದು ಕಲಗಚ್ಚು ಅನ್ನಿಸುತ್ತದೆ, ಅದಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ. ಅಮ್ಮನಿಗೆ ಹೇಳಿ ಫಿಲ್ಟರ್ ಪುಡಿ ತರಿಸು.

ಇನ್ನು ಕೆಲಸದ ಮಾತು. ಊಟದ ಬಿಡುವಿನಲ್ಲಿ ಹೊರಗೆ ಹೋಗು. ದಿನಾ. ಮೋಡ ಇದ್ದರೂ ಹೋಗು. ನಡುಹಗಲಲ್ಲಿ ಹೊರಗಿನ ಮಂಕು ಬೆಳಕೂ ಸಾಮಾನ್ಯವಾಗಿ ಆಫೀಸಿನೊಳಗಿನ ಬೆಳಕಿಗಿಂತ ಜಾಸ್ತಿ. ನಮಗೆ ಒಳಗೇ ಪ್ರಕಾಶ ಅನ್ನಿಸುತ್ತದೆ, ಕಣ್ಣು ಮೋಸ ಮಾಡುತ್ತದೆ. ಬೆಳಿಗ್ಗೆ ಅರ್ಧ ಗಂಟೆ ಬೆಳಕಿನ ಪೆಟ್ಟಿಗೆ ಮುಂದೆ ಕೂರುವುದೂ ಉಪಯೋಗ. 10,000 ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಅಂತ ಇರುವುದನ್ನು ತಗೋ, ದಿಟ್ಟಿಸಿ ನೋಡಬೇಕಿಲ್ಲ, ಪಕ್ಕಕ್ಕಿಟ್ಟು ತಿಂಡಿ ತಿನ್ನು. ನಮ್ಮ ಉಮಿಯೋದಲ್ಲಿ 2012ರಲ್ಲಿ ವಿದ್ಯುತ್ ಕಂಪನಿಯವರು ಸುಮಾರು 30 ಬಸ್ ನಿಲ್ದಾಣಗಳಲ್ಲಿ ಇಂಥ ದೀಪ ಹಾಕಿದ್ದರು. ಬಸ್ಸಿಗೆ ಕಾಯುವಾಗ ಒಂದಿಷ್ಟು ಬೆಳಕು ಕುಡಿಯಲಿ ಅಂತ. ಡಿ ವಿಟಮಿನ್ ಬಗ್ಗೆ ಡಾಕ್ಟರರನ್ನು ಕೇಳು. ಇಲ್ಲಿನ ಚಳಿಗಾಲದ ಸೂರ್ಯ ಚರ್ಮದಲ್ಲಿ ಅದನ್ನು ತಯಾರಿಸಲಾರ, ನಮ್ಮ ಬಣ್ಣದವರಿಗೆ ಇನ್ನೂ ಕಷ್ಟ. ಕತ್ತಲಲ್ಲಿ ಗಾಡಿಯವರಿಗೆ ಕಾಣುವ ಹಾಗೆ ಜಾಕೆಟ್ಟಿಗೆ ಹೊಳೆಯುವ ಬಿಲ್ಲೆ ನೇತುಹಾಕಿಕೋ. ಅದು ಫಿನ್ಲೆಂಡಿನದೇ ಉಪಾಯ. ಅರ್ವಿ ಲೆಹ್ತಿ ಅನ್ನುವ ರೈತ ಮೊದಲು ಕುದುರೆ ಗಾಡಿಗಳಿಗೆ ಮಾಡಿದ್ದು, ಆಮೇಲೆ ನಡೆಯುವವರಿಗೂ ಬಂತು.

ಮತ್ತೆ, ಎಲ್ಲ ಮಾಡಿಯೂ ಬೆಳಿಗ್ಗೆ ಏಳಲಾಗದಿದ್ದರೆ, ಊಟ ಬೇಡ ಅನ್ನಿಸಿದರೆ, ಇರುವುದೇ ಬೇಡ ಅಂತ ಒಂದು ಸಲ ಅನ್ನಿಸಿದರೂ, ಡಾಕ್ಟರ ಹತ್ತಿರ ಹೋಗು. ನನಗೂ ಫೋನ್ ಮಾಡು, ಎಷ್ಟು ಹೊತ್ತಾದರೂ. ಎರಡನೇ ಚಳಿಗಾಲ ನಾನು ಹೋಗಿದ್ದೆ. ಹತ್ತು ನಿಮಿಷ ಮಾತಾಡಿದ ಮೇಲೆ ಆ ಡಾಕ್ಟರಮ್ಮ, "ನೀವು ಇನ್ನೂ ಬೇಗ ಬರಬಹುದಿತ್ತು" ಅಂದರು. ಅಷ್ಟೇ. ಇದರಲ್ಲಿ ನಾಚಿಕೆಪಡುವಂಥದ್ದು ಏನಿತ್ತು ಅಂತ ಈಗಲೂ ನನಗೆ ಗೊತ್ತಾಗುವುದಿಲ್ಲ.

ನಾರ್ವೆಯಲ್ಲಿ ರ್ಯೂಕನ್ ಅಂತ ಒಂದು ಊರಿದೆ. ಇಕ್ಕಟ್ಟಾದ ಕಣಿವೆ. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಬೆಟ್ಟ ಅಡ್ಡ ಬಂದು ಊರಿಗೆ ಬಿಸಿಲೇ ಇಲ್ಲ. 1928ರಲ್ಲಿ ಅಲ್ಲಿನ ಕಾರ್ಖಾನೆಯವರು ತಂತಿಗೆ ತೂಗುವ ತೊಟ್ಟಿಲು, ಅಂದರೆ ರೋಪ್‌ವೇ ಕಟ್ಟಿಸಿದರು, ಜನ ಬೆಟ್ಟ ಹತ್ತಿ ಬಿಸಿಲು ಕಾಯಿಸಿಕೊಂಡು ಬರಲಿ ಅಂತ. 2013ರಲ್ಲಿ ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿ ನಿಲ್ಲಿಸಿದರು. ಸೂರ್ಯ ಸರಿದ ಹಾಗೆ ಅವೂ ತಿರುಗುತ್ತವೆ. ಊರಿನ ಚೌಕದಲ್ಲಿ ಒಂದು ತುಂಡು ಬಿಸಿಲು ಬೀಳುತ್ತದೆ. ಹುಚ್ಚು ಖರ್ಚು ಅಂದವರೂ ಇದ್ದರು. ಆದರೆ ಆ ಚೌಕದಲ್ಲಿ ನಿಂತು ಕಣ್ಣು ಮುಚ್ಚಿ ಮುಖ ಎತ್ತಿದವರ ಫೋಟೋ ನೋಡಿದಾಗ, ಧನುರ್ಮಾಸದ ಬೆಳಿಗ್ಗೆ ಅಂಗಳದಲ್ಲಿ ಎಳೆಬಿಸಿಲಿಗೆ ಕೂತ ನಮ್ಮ ಅಜ್ಜ ನೆನಪಾದ.

ನವೆಂಬರ್ ಕಷ್ಟ, ಅದನ್ನು ಸುಳ್ಳು ಹೇಳುವುದಿಲ್ಲ. ಹಿಮ ನಿಲ್ಲುವವರೆಗೂ ಕಷ್ಟ. ಒಮ್ಮೆ ಹಿಮ ಬಿದ್ದು ನಿಂತಿತು ಅಂದರೆ ಅರ್ಧ ಕತ್ತಲೆ ಅಲ್ಲೇ ಹೋಗುತ್ತದೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಎಂಬತ್ತು ಪಾಲಿಗೂ ಹೆಚ್ಚನ್ನು ವಾಪಸ್ ಎಸೆಯುತ್ತದೆ. ಬೀದಿದೀಪ, ಚಂದ್ರ, ಕಿಟಕಿ, ಏನು ಸಿಕ್ಕಿದರೂ ಸರಿ. ಇನ್ನೊಂದು, ಸೂರ್ಯ ಮುಳುಗಿದ ಮೇಲಿನ ಹೊತ್ತನ್ನು ನೋಡು. ನಮ್ಮಲ್ಲಿ ಸೂರ್ಯ ನೇರ ಕೆಳಗಿಳಿಯುತ್ತಾನೆ, ಇಪ್ಪತ್ತು ನಿಮಿಷದಲ್ಲಿ ಕತ್ತಲೆ. ಇಲ್ಲಿ ಓರೆಯಾಗಿ ಜಾರುತ್ತಾನೆ. ಅದಕ್ಕೇ ಮುಸ್ಸಂಜೆ ಒಂದು ಗಂಟೆಗೂ ಹೆಚ್ಚು. ಹಿಮವೆಲ್ಲ ನೀಲಿ. ಆ ನೀಲಿ ನಮ್ಮೂರಿನಲ್ಲಿ ನಾನು ಯಾವತ್ತೂ ನೋಡಿಲ್ಲ. ನೀನು "2.30ಕ್ಕೇ ಕತ್ತಲೆ" ಅಂದೆಯಲ್ಲ, ಅದು ತಪ್ಪು ಲೆಕ್ಕ. ಸರಿಯಾಗಿ ಹೊರಗೆ ನಿಂತು ನೋಡಿದರೆ 3.30ರವರೆಗೆ ಏನೋ ನಡೆಯುತ್ತಲೇ ಇರುತ್ತದೆ.

ಡಿಸೆಂಬರ್ 6 ಫಿನ್ಲೆಂಡಿನ ಸ್ವಾತಂತ್ರ್ಯ ದಿನ. ಅವತ್ತು ಸಂಜೆ 6ರಿಂದ 8ರವರೆಗೆ ಕಿಟಕಿಯಲ್ಲಿ ಎರಡು ಮೇಣದಬತ್ತಿ ಇಡುತ್ತಾರೆ. ನೀನೂ ಇಡು. ಇಲ್ಲಿ 13ಕ್ಕೆ ಲೂಸಿಯಾ ಹಬ್ಬ. ಬೆಳಗಿನ ಕತ್ತಲಲ್ಲಿ ಬಿಳಿ ಬಟ್ಟೆಯ ಹುಡುಗಿಯರು ತಲೆ ಮೇಲೆ ದೀಪದ ಕಿರೀಟ ಇಟ್ಟು ಹಾಡುತ್ತಾ ಬರುತ್ತಾರೆ. ಕೇಸರಿ ಹಾಕಿದ ಹಳದಿ ಬನ್ನು ತಿನ್ನುತ್ತಾರೆ. ಹಳೆಯ ಪಂಚಾಂಗದ ಕಾಲದಲ್ಲಿ ಲೂಸಿಯಾ ರಾತ್ರಿಯೇ ವರ್ಷದ ಅತಿ ಉದ್ದದ ರಾತ್ರಿ ಅಂತ ಜನ ನಂಬಿದ್ದರು. 1753ರಲ್ಲಿ ಸ್ವೀಡನ್ ಕ್ಯಾಲೆಂಡರ್ ಬದಲಾಯಿಸಿತು, ಹಬ್ಬದ ತಾರೀಕು ಮಾತ್ರ ಹಾಗೇ ಉಳಿಯಿತು. ನಮ್ಮ ಸಂಕ್ರಾಂತಿಯದೂ ಅಂಥದ್ದೇ ಕತೆ ಅಲ್ವಾ? ಸೂರ್ಯ ತಿರುಗುವುದು ಡಿಸೆಂಬರ್ 21-22ಕ್ಕೆ. ನಾವು ಉತ್ತರಾಯಣ ಅಂತ ಎಳ್ಳುಬೆಲ್ಲ ತಿನ್ನುವುದು ಜನವರಿಯಲ್ಲಿ. ಲೆಕ್ಕ ತಪ್ಪಿದೆ ಅಂತ ಪಂಡಿತರು ಹೇಳಲಿ, ಔಲುವಿನಲ್ಲಿ ಇರುವವನಿಗೆ ನಮ್ಮ ತಾರೀಕೇ ಸರಿ. ಡಿಸೆಂಬರ್ 22ಕ್ಕೆ ತಿರುಗಿದ್ದು ಕಣ್ಣಿಗೆ ಕಾಣುವುದಿಲ್ಲ. ಸಂಕ್ರಾಂತಿ ಹೊತ್ತಿಗೆ ನಿನ್ನ ಹಗಲು ಸುಮಾರು ಐದು ಗಂಟೆ, ಅಂದರೆ ಒಂದೂಕಾಲು ಗಂಟೆಗೂ ಜಾಸ್ತಿ ಬೆಳೆದಿರುತ್ತದೆ. ಫೆಬ್ರವರಿಯಲ್ಲಿ ದಿನಕ್ಕೆ ಏಳು ನಿಮಿಷದಂತೆ ಏರುತ್ತದೆ. ಎಳ್ಳು ಬೀರಲು ಯಾರೂ ಇಲ್ಲ ಅನ್ನಬೇಡ. ನಾನು ಮೇಡಂಗೆ ಪ್ರತಿ ವರ್ಷ ಕೊಡುತ್ತೇನೆ. ಕೊಬ್ಬರಿ ಆರಿಸಿ ತಿಂದು ಕಡಲೆ ಬಿಡುತ್ತಾರೆ.

ಸರಿ, ನಾನು ಬರುತ್ತಿದ್ದೇನೆ. ಡಿಸೆಂಬರ್ 20ಕ್ಕೆ ಉಮಿಯೋದಿಂದ ಫಿನ್ಲೆಂಡಿನ ವಾಸಾಕ್ಕೆ ಹಡಗು, ನಾಲ್ಕು ಗಂಟೆ ದಾರಿ. ಅಲ್ಲಿಂದ ರೈಲು. ನಾನು ತಲುಪುವ ಹೊತ್ತಿಗೆ ನಿನ್ನ ಊರು ಕತ್ತಲಾಗಿ ಎಷ್ಟೋ ಹೊತ್ತಾಗಿರುತ್ತದೆ. ಅಕ್ಕ ಕಳಿಸಿದ ಕಷಾಯದ ಪುಡಿ ತರುತ್ತೇನೆ, ಹಲಸಿನ ಹಪ್ಪಳ ಒಂದು ಕಟ್ಟು ಇದೆ, ಅರ್ಧ ಪುಡಿಯಾಗಿದೆ. ಕರಿಯಲು ಎಣ್ಣೆ ತಂದಿಡು. ಹೊಗೆಗೆ ಆ ಅಲಾರಾಂ ಕೂಗಿಕೊಳ್ಳುತ್ತದೆ, ಕಿಟಕಿ ತೆಗೆದುಕೊಂಡೇ ಕರಿಯೋಣ.

ಬಾಗಿಲ ಕೋಡ್ ಕಳಿಸು. ನಿಮ್ಮ ಬೀದಿಯಲ್ಲಿ ಎಲ್ಲ ಕಟ್ಟಡವೂ ಒಂದೇ ಥರ ಅಂದೆಯಲ್ಲ, ಮೂರನೇ ಮಹಡಿಯ ಯಾವ ಕಿಟಕಿ ನಿನ್ನದು ಅಂತ ನನಗೆ ಕೆಳಗಿನಿಂದ ತಿಳಿಯಬೇಕು. ಏನಾದರೂ ಒಂದು ದೀಪ ಇಟ್ಟಿರು.

ನಿನ್ನ,
ಹಾಸ್ಟೆಲಿನ 14ನೇ ಕೋಣೆಯವನು